ಸರೋಜಾದೇವಿ ಯಾವ ಭಾಷೆಯ ನಟಿ?

ಕಳೆದ ಸಂಚಿಕೆಯ ಬಿ. ಸರೋಜಾದೇವಿ ಲೇಖನ ಓದಿ ಹಾಸನದ ಓದುಗರೊಬ್ಬರು ಸಿಟ್ಟಾಗಿ ನಾಲ್ಕು ಪುಟ ಬರೆದಿದ್ದಾರೆ. ‘ಒಳ್ಳೆಯ ವರ್ಷಗಳನ್ನೆಲ್ಲ ತಮಿಳಿಗೆ ಕೊಟ್ಟು, ಮಿಕ್ಕಿದ್ದನ್ನು ನಮಗೆ ಕೊಟ್ಟವರು. ಅವರನ್ನು ಕನ್ನಡದ ನಟಿ ಎಂದು ಮೆರೆಸುವುದು ಎಷ್ಟು ಸರಿ?’ ಎಂಬುದು ಅವರ ಪ್ರಶ್ನೆ. ಮದುವೆಯಾದ ಮೇಲೆ ನಟನೆ ಬಿಟ್ಟರಲ್ಲವೇ ಎಂದೂ ಕೇಳಿದ್ದಾರೆ.

ಸ್ವಾಮಿ, ಲೆಕ್ಕದಲ್ಲಿ ನೀವು ಗೆದ್ದಿರಿ. 1955ರ ‘ಮಹಾಕವಿ ಕಾಳಿದಾಸ’ದಲ್ಲಿ ಹೊನ್ನಪ್ಪ ಭಾಗವತರ ಎದುರು ಬಂದ ಬೆಂಗಳೂರಿನ ಹುಡುಗಿ, 1958ರಲ್ಲಿ ಎಂ.ಜಿ.ಆರ್. ನಿರ್ದೇಶಿಸಿದ ‘ನಾಡೋಡಿ ಮನ್ನನ್’ ಆದ ಮೇಲೆ ತಮಿಳಿನಲ್ಲಿ ಬಿಡುವಿಲ್ಲದಷ್ಟು ದುಡಿದರು. ನಮ್ಮ ಲೇಖನ ಅದನ್ನು ಎರಡೇ ಸಾಲಿನಲ್ಲಿ ದಾಟಿಸಿಬಿಟ್ಟಿತ್ತು. ತಪ್ಪು ನಮ್ಮದೇ.

ಆದರೆ ‘ಮಿಕ್ಕಿದ್ದು’ ಎಂಬ ಮಾತನ್ನು ಒಪ್ಪಲಾರೆ. 1961ನ್ನೇ ತೆಗೆದುಕೊಳ್ಳಿ. ಆ ವರ್ಷ ತಮಿಳಿನಲ್ಲಿ ಶಿವಾಜಿ ಗಣೇಶನ್ ಜೊತೆ ‘ಪಾಲುಂ ಪಳಮುಂ’, ಹಿಂದಿಯಲ್ಲಿ ರಾಜೇಂದ್ರ ಕುಮಾರ್ ಜೊತೆ ‘ಸಸುರಾಲ್’. ಅದೇ ವರ್ಷ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’. ಬೇಡಿಕೆ ನೆತ್ತಿಗೇರಿದ್ದ ಹೊತ್ತಿನಲ್ಲೇ ಅವರು ಚೆನ್ನಮ್ಮನಾಗಿದ್ದು. ಪ್ರೇಮದ ಪಾತ್ರಗಳಲ್ಲಿ ಕೊಂಚ ಹೆಚ್ಚಾಗಿಯೇ ಕೊಂಕುತ್ತಿದ್ದ ಆ ದನಿ (ನನಗಂತೂ ಕೆಲವು ಕಡೆ ಅದು ಅತಿ ಅನ್ನಿಸಿದೆ) ಇಲ್ಲಿ ಗಡುಸಾಗಿ ನಿಲ್ಲುತ್ತದೆ.

ಇನ್ನು ಭಾಷೆವಾರು ಪಾಲು ಹಂಚುವ ವಿಚಾರ. ಆಗ ದಕ್ಷಿಣದ ನಾಲ್ಕೂ ಭಾಷೆಯವರಿಗೆ ಮದ್ರಾಸೇ ಕಮ್ಮಟ. ಒಂದು ಕಥೆ ಒಂದು ಭಾಷೆಯಲ್ಲಿ ಗೆದ್ದರೆ ಇನ್ನೊಂದರಲ್ಲಿ ತೆಗೆಯುವುದು, ಇಲ್ಲವೇ ಎರಡನ್ನೂ ಒಟ್ಟಿಗೇ ಹೂಡುವುದು ವಾಡಿಕೆ. ಇದರಲ್ಲೊಂದು ತಮಾಷೆಯಿದೆ. ಎಸ್.ಎಸ್. ವಾಸನ್ ಅವರ ಹಿಂದಿ ‘ಪೈಗಾಮ್’ (1959) ತಮಿಳಿನಲ್ಲಿ ‘ಇರುಂಬುತ್ ತಿರೈ’ (1960) ಆದಾಗ ದಿಲೀಪ್ ಕುಮಾರ್ ಜಾಗಕ್ಕೆ ಶಿವಾಜಿ ಬಂದರು; ವೈಜಯಂತಿಮಾಲಾ, ಸರೋಜಾದೇವಿ, ನಮ್ಮ ಪಂಢರಿಬಾಯಿ ಎರಡರಲ್ಲೂ ಇದ್ದರು. ಶ್ರೀಧರ್ ಅವರ ತಮಿಳು ‘ಕಲ್ಯಾಣ ಪರಿಸು’ (1959) ತೆಲುಗಿನಲ್ಲಿ ‘ಪೆಳ್ಳಿ ಕಾನುಕ’ (1960) ಆದಾಗ ಜೆಮಿನಿ ಗಣೇಶನ್ ಹೋಗಿ ಅಕ್ಕಿನೇನಿ ನಾಗೇಶ್ವರರಾವ್ ಬಂದರು, ಸರೋಜಾದೇವಿ ಉಳಿದರು. 1964ರಲ್ಲಿ ಬಿ.ಎಸ್. ರಂಗಾ ಜಕಣಾಚಾರಿಯ ಕಥೆಯನ್ನು ಎರಡು ಭಾಷೆಯಲ್ಲಿ ತೆಗೆದರು. ಕನ್ನಡಕ್ಕೆ ಕಲ್ಯಾಣ್ ಕುಮಾರ್, ತೆಲುಗಿಗೆ ನಾಗೇಶ್ವರರಾವ್. ನಾಯಕಿ ಮಾತ್ರ ಇವರೇ.

ನಾಯಕನಿಗೆ ಒಂದು ನಾಡು, ಒಂದು ಅಭಿಮಾನಿ ಬಳಗ ಬೇಕಿತ್ತು. ನಾಯಕಿಗೆ ಅಂಥ ಆಸರೆ ಇರಲಿಲ್ಲ. ಸಂಭಾಷಣೆ ಬದಲಾದರೂ ಆಕೆ ಅದೇ ಪಾತ್ರವನ್ನು ಮತ್ತೆ ಕಟ್ಟಬೇಕಿತ್ತು. ಎಂ.ಜಿ.ಆರ್. ಅವರನ್ನು ‘ತಮಿಳಿಗೆ ಎಷ್ಟು, ಮಿಕ್ಕಿದವರಿಗೆ ಎಷ್ಟು’ ಎಂದು ಯಾರೂ ಕೇಳಲಿಲ್ಲ. ಈ ಲೆಕ್ಕ ಹೆಣ್ಣಿಗೆ ಮಾತ್ರ ಯಾಕೆ ಬರುತ್ತದೆ ಎಂದು ನಿಮ್ಮ ಪತ್ರ ಓದುವಾಗ ನನಗೆ ಅನ್ನಿಸಿದ್ದು ಹೌದು. ಸಿಟ್ಟಾಗಬೇಡಿ.

ಒಂದು ಮಾತು ಮರೆತಿದ್ದೆ. ತಮಿಳರು ಅವರನ್ನು ಪ್ರೀತಿಯಿಂದ ಕರೆದದ್ದು ‘ಕನ್ನಡತ್ತು ಪೈಂಗಿಳಿ’ ಎಂದು, ಅಂದರೆ ಕನ್ನಡದ ಗಿಣಿ. ಅವರ ತಮಿಳಿನಲ್ಲಿ ಕನ್ನಡದ ಸೊಗಡು ಇತ್ತು, ಅದನ್ನು ಅಲ್ಲಿಯವರು ಕುಂದು ಎನ್ನದೆ ಮುದ್ದು ಮಾಡಿದರು. ಅವರೇ ಅಂಟಿಸಿದ ಗುರುತನ್ನು ನಾವು ಕೀಳಲು ಹೊರಡುವುದೇ?

ಮದುವೆಯ ಪ್ರಶ್ನೆಗೆ ಉತ್ತರ ಸಲೀಸು: ಬಿಡಲಿಲ್ಲ. ಮದುವೆಯಾದದ್ದು 1967ರಲ್ಲಿ. 1969ರಲ್ಲಿ ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’, 1977ರಲ್ಲಿ ‘ಬಭ್ರುವಾಹನ’ದ ಚಿತ್ರಾಂಗದೆ. ಅಲ್ಲಿಂದಾಚೆಗೂ ನಟಿಸಿದರು. ಪದ್ಮಭೂಷಣ ಬಂದದ್ದು 1992ರಲ್ಲಿ. 2025ರ ಜುಲೈ 14ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ನಿಮಗೆ ಪುರುಸೊತ್ತಾದಾಗ ಜಕಣಾಚಾರಿಯ ಕನ್ನಡ ಮತ್ತು ತೆಲುಗು ಎರಡನ್ನೂ ಹುಡುಕಿ, ಒಂದರ ಹಿಂದೆ ಒಂದು ನೋಡಿ. ಅದೇ ಪಾತ್ರ ಯಾವ ಭಾಷೆಯಲ್ಲಿ ಹೆಚ್ಚು ಸಲೀಸಾಗಿ ಬಂದಿದೆ ಎಂದು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಖಂಡಿತ ಹಾಕುತ್ತೇವೆ, ನಾಲ್ಕು ಪುಟವಾದರೂ ಸರಿ.

– ಸಂ.