ಓಣಿಗೆ ಗೇಟು ಹಾಕಿದರೆ ಕಳ್ಳತನ ನಿಲ್ಲುವುದೇ?

ಪ್ರಶ್ನೆ: ನಮ್ಮ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಯಿದೆ, ಮುಂದೆ ಎರಡು ತುದಿಯೂ ತೆರೆದಿರುವ ಅಡ್ಡರಸ್ತೆ. ಎರಡು ಮನೆಗಳಲ್ಲಿ ಕಳ್ಳತನವಾದ ಮೇಲೆ, ಓಣಿಗೂ ರಸ್ತೆಯ ಒಂದು ತುದಿಗೂ ಗೇಟು ಹಾಕಿಸಬೇಕೆಂದು ನಿವಾಸಿಗಳ ಸಂಘದವರು ಹೇಳುತ್ತಿದ್ದಾರೆ. ಬೀದಿಯ ವಿನ್ಯಾಸಕ್ಕೂ ಕಳ್ಳತನಕ್ಕೂ ನಿಜವಾಗಿ ಸಂಬಂಧವಿದೆಯೇ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಸಂಬಂಧ ಖಂಡಿತ ಇದೆ. ಆದರೆ ನಿಮ್ಮ ಸಂಘದವರು ಒಟ್ಟಿಗೇ ಕೇಳುತ್ತಿರುವ ಎರಡು ಗೇಟುಗಳನ್ನು ಬೇರೆ ಬೇರೆಯಾಗಿ ತೂಗಿ ನೋಡಬೇಕು.

ಹಿಂದಿನ ಓಣಿಯ ಗೇಟಿಗೆ ನನ್ನ ಸಹಮತವಿದೆ. ಈ ಓಣಿಗಳು ಹುಟ್ಟಿದ್ದೇ ಯಾರ ಕಣ್ಣಿಗೂ ಬೀಳದಿರಲೆಂದು. 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ನಿಮ್ಮಂಥ ಬಡಾವಣೆಗಳಲ್ಲಿ, ಹಿತ್ತಲ ಕಕ್ಕಸುಗಳ ಮಲ ಹೊರುವವರು ಮನೆಯ ಮುಂದೆ ಓಡಾಡಬಾರದೆಂಬ ಕ್ರೂರ ಲೆಕ್ಕಾಚಾರವೂ ಅದರಲ್ಲಿತ್ತು. ಒಳಚರಂಡಿ ಬಂದು ಆ ಕೆಲಸ ನಿಂತರೂ ಮನೆಗಳು ಓಣಿಗೆ ಬೆನ್ನು ಹಾಕಿಯೇ ಉಳಿದವು. ಅಲ್ಲಿ ಗೋಡೆ ಹತ್ತಲು ಕಳ್ಳನು ಎಷ್ಟು ಹೊತ್ತು ತೆಗೆದುಕೊಂಡರೂ ಕೇಳುವವರಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಹಳೆಯ ಸಾಲುಮನೆಗಳ ಹಿಂದೆಯೂ ಇಂಥವೇ ಓಣಿಗಳಿದ್ದವು. ಅಲ್ಲಿ 3,000ಕ್ಕೂ ಹೆಚ್ಚು ಗೇಟುಗಳನ್ನು ಹಾಕಿ, ಬೀಗದ ಕೈಗಳನ್ನು ಆಯಾ ಓಣಿಯ ನಿವಾಸಿಗಳಿಗೆ ಕೊಡಲಾಯಿತು. 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗೇಟಿಲ್ಲದ ಪ್ರದೇಶಗಳಿಗೆ ಹೋಲಿಸಿದಾಗ ಅಲ್ಲಿನ ಮನೆಗಳ್ಳತನ ಸುಮಾರು ಶೇ. 37ರಷ್ಟು ಇಳಿದಿತ್ತು, ತೀರ ಸಮೀಪದ, ಗೇಟಿಲ್ಲದ ಮನೆಗಳಿಗೂ ಅದರಿಂದ ಸ್ವಲ್ಪ ಪ್ರಯೋಜನವೇ ಆಯಿತು.

ಮುಂದಿನ ರಸ್ತೆಯ ವಿಷಯ ಇಷ್ಟು ಸರಳವಲ್ಲ. ಲಿವರ್‌ಪೂಲ್ ಇರುವ ಮರ್ಸಿಸೈಡ್ ಪ್ರದೇಶದ ಬಗ್ಗೆಯೇ 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಮುಖ್ಯರಸ್ತೆಗಳಲ್ಲೂ ಅವಕ್ಕೆ ಕೂಡುವ ಬೀದಿಗಳಲ್ಲೂ ಮನೆಗಳ್ಳತನದ ಅಪಾಯ ಹೆಚ್ಚೆಂದೂ, ಒಂದು ತುದಿ ಮುಚ್ಚಿದ ಬೀದಿಗಳಲ್ಲಿ, ಅದರಲ್ಲೂ ಅಂಕುಡೊಂಕಾದವುಗಳಲ್ಲಿ, ಕಡಿಮೆಯೆಂದೂ ತೋರಿಸಿತು. ಕೆನಡಾದ ಅಪರಾಧಶಾಸ್ತ್ರಜ್ಞ ದಂಪತಿ ಬ್ರಾಂಟಿಂಗ್‌ಹ್ಯಾಮ್ ಅವರು ವಿವರಿಸಿದಂತೆ, ಕಳ್ಳನೂ ಎಲ್ಲರ ಹಾಗೆ ಮನೆ, ಕೆಲಸ, ಅಂಗಡಿಗಳ ನಡುವೆ ದಿನವೂ ತಿರುಗುವ ದಾರಿಗಳಲ್ಲೇ ಅವಕಾಶವನ್ನು ಗುರುತಿಸುತ್ತಾನೆ. ಹಾದುಹೋಗುವ ಕಾರಣವೇ ಇಲ್ಲದ ಬೀದಿ ಅವನ ಪರಿಚಯಕ್ಕೆ ಬರುವುದಿಲ್ಲ. ಇಷ್ಟಕ್ಕೇ ನಿಂತರೆ ನಿಮ್ಮ ಸಂಘದ ವಾದ ಗೆದ್ದಂತೆ ಕಾಣುತ್ತದೆ. ಆದರೆ ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ ನ್ಯೂಯಾರ್ಕಿನ ಬೀದಿಗಳನ್ನು ಕಂಡು 1961ರಲ್ಲಿ ಮುಂದಿಟ್ಟ ವಾದವನ್ನೂ ಕೇಳಬೇಕು: ಬೀದಿಯನ್ನು ಕಾಯುವವರು ಅಂಗಡಿಯವರು, ದಾರಿಹೋಕರು ಮತ್ತು ಅವರ ಓಡಾಟವನ್ನು ನೋಡುತ್ತ ಕಿಟಕಿಯಲ್ಲಿ ಕೂರುವವರು. ಹೂವು, ತರಕಾರಿ ಮಾರುತ್ತ ಬರುವವರೂ ಬೆಳಗಿನ ವಾಯುವಿಹಾರದವರೂ ಗೇಟು ಕಂಡು ಬೇರೆ ದಾರಿ ಹಿಡಿದರೆ, ನಿಮ್ಮ ನೇರವಾದ ಅಡ್ಡರಸ್ತೆ ಮಧ್ಯಾಹ್ನದ ಹೊತ್ತು ಹಿಂದಿನ ಓಣಿಯಷ್ಟೇ ನಿರ್ಜನವಾದೀತು. ಅಮೆರಿಕದ ಡೇಟನ್ ನಗರದ ಫೈವ್ ಓಕ್ಸ್ ಬಡಾವಣೆಯಲ್ಲಿ 1990ರ ದಶಕದ ಆರಂಭದಲ್ಲಿ ಬೀದಿಗಳನ್ನು ಮುಚ್ಚಿದಾಗ ಅಪರಾಧ ಇಳಿದದ್ದು ನಿಜ. ಆದರೆ ಅಲ್ಲಿ ಪೊಲೀಸರ ವಿಶೇಷ ಪ್ರಯತ್ನವೂ ಮನೆ ಕೊಳ್ಳುವವರಿಗೆ ನೆರವೂ ಜೊತೆಗಿದ್ದವು.

ಆದ್ದರಿಂದ ರಸ್ತೆ ತೆರೆದೇ ಇರಲಿ. ಓಣಿಗೆ ಮಾತ್ರ, ಪಾಲಿಕೆಯ ಅನುಮತಿ ಪಡೆದು, ಗೇಟು ಹಾಕಿಸಿ, ಪೌರಕಾರ್ಮಿಕರಿಗೂ ಒಂದು ಬೀಗದ ಕೈ ಕೊಡಿ. ಅದಕ್ಕೂ ಮೊದಲು, ಆ ಎರಡು ಮನೆಗಳಿಗೆ ಕಳ್ಳರು ಹಿಂದಿನಿಂದ ನುಗ್ಗಿದರೋ ಮುಂದಿನಿಂದಲೋ ಎಂಬುದನ್ನು ಮನೆಯವರನ್ನು ಕೇಳಿ, ಪೊಲೀಸರ ಮಹಜರಿನಲ್ಲಿ ಬರೆದಿರುವುದನ್ನೂ ನೋಡಿ ತಿಳಿದುಕೊಳ್ಳಿ.