ಕಾರೋ ಮನೆಯೋ ಎಂದು ಕೇಳಿಕೊಂಡು ಬಂದವರು

ದೊಡ್ಡ ಕಾರು ತಗೊಳ್ಳುವುದೋ, ಮನೆಗೆ ಅಂತ ದುಡ್ಡು ಕೂಡಿಡುವುದೋ? ಈ ಪ್ರಶ್ನೆ ಹಿಡಿದು ಬರುವವರ ಲೆಕ್ಕ ಇಡುವುದನ್ನು ನಾನು ಬಿಟ್ಟು ತುಂಬಾ ದಿನವಾಯಿತು. ವಯಸ್ಸು ಹೆಚ್ಚಾಗಿ 26ರಿಂದ 33ರೊಳಗೆ. ಸಂಬಳ ಚೆನ್ನಾಗಿರುತ್ತದೆ. ಫೋನಿನಲ್ಲಿ ಎರಡು ಚಿತ್ರ ಇಟ್ಟುಕೊಂಡಿರುತ್ತಾರೆ, ಒಂದು ಕಾರಿನದು, ಇನ್ನೊಂದು ಮನೆಯ ನಕ್ಷೆ. ಬಂದ ಐದು ನಿಮಿಷದೊಳಗೆ ಎರಡನ್ನೂ ತೋರಿಸುತ್ತಾರೆ. ಬಹಳಷ್ಟು ಜನರಿಗೆ ಬೇಕಿರುವುದು ಲೆಕ್ಕ ಹಾಕಿಕೊಡುವವರು, ನನ್ನಂಥ ಆಪ್ತಸಲಹೆಗಾರರಲ್ಲ. ಲೆಕ್ಕ ಹಾಕಿದರೆ ಹೊರಟುಹೋಗುತ್ತಾರೆ.

ಹಾಗೆ ಹೊರಟುಹೋಗದ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಗಂಡ ಹೆಂಡತಿ ಜೊತೆಯಾಗಿ ಬಂದರು. ಇಬ್ಬರೂ ದುಡಿಯುತ್ತಾರೆ, ಮದುವೆಯಾಗಿ ಮೂರು ವರ್ಷ. ಮನೆಗೆ ಅಂತ ಕೂಡಿಟ್ಟ ದುಡ್ಡು ಅರ್ಧ ದಾರಿಗೆ ಬಂದಿದೆ. ಈಗ ಒಬ್ಬರಿಗೆ ಐಷಾರಾಮಿ ಕಾರು ಬೇಕು, ಇನ್ನೊಬ್ಬರಿಗೆ ಬೇಡ. ಕಾರು ಬೇಕೆನ್ನುವವರು ಗಂಡ ಇರಬೇಕು ಅಂತ ನೀವು ಊಹಿಸಿದ್ದರೆ ತಪ್ಪು ತಿಳಿಯುವುದಿಲ್ಲ. ನಾನೂ ಹಾಗೇ ಊಹಿಸಿ, ಅವರ ಕಡೆ ತಿರುಗಿಕೊಂಡು ಉಪದೇಶ ಶುರು ಮಾಡಿಬಿಟ್ಟಿದ್ದೆ. ಅವರು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಹೆಂಡತಿಯ ಕಡೆ ಕೈ ತೋರಿಸಿದರು. "ನಂಗಲ್ಲ ಮೇಡಂ, ಇವಳಿಗೆ."

ಮೊದಲ ಎರಡು ಭೇಟಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಗಂಡ ಒಂದು ಎಕ್ಸೆಲ್ ಶೀಟ್ ತಂದಿದ್ದರು. ಅಚ್ಚುಕಟ್ಟಾಗಿತ್ತು. ಪ್ರತಿ ಸಾಲಿಗೂ ಆಕೆ ತಲೆಯಾಡಿಸಿದರು. ಕೊನೆಯಲ್ಲಿ ಹೇಳಿದ್ದು ಇಷ್ಟೇ: "ಲೆಕ್ಕ ಸರಿ ಇದೆ. ಆದ್ರೂ ಬೇಕು."

ಆ ಶೀಟಿನಲ್ಲಿದ್ದ ಲೆಕ್ಕ ಎಲ್ಲರಿಗೂ ಕೆಲಸಕ್ಕೆ ಬರುತ್ತದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ. ಲೆಕ್ಕಕ್ಕೆ 100 ರೂಪಾಯಿ ಸಾಲ ಮಾಡಿ ಕಾರು ತಗೊಂಡಿರಿ ಅಂತಿಟ್ಟುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇ 9, ಅವಧಿ 7 ವರ್ಷ. ತೀರಿಸುವಷ್ಟರಲ್ಲಿ ಸುಮಾರು 135 ಕಟ್ಟಿರುತ್ತೀರಿ. ಇದು ಎಲ್ಲರಿಗೂ ಗೊತ್ತಿರುವ ಭಾಗ. ಮೂರು ವರ್ಷ ಕಂತು ಕಟ್ಟಿದ ಮೇಲೂ 65ರಷ್ಟು ಸಾಲ ಉಳಿದೇ ಇರುತ್ತದೆ. ಹೊಸ ಕಾರಿನ ಬೆಲೆ ಮೊದಲ ವರ್ಷವೇ ಶೇ 15ರಿಂದ 20ರಷ್ಟು ಇಳಿಯುವುದು ಸಾಮಾನ್ಯ. ಐದು ವರ್ಷಕ್ಕೆ ಅರ್ಧದ ಹತ್ತಿರ ಬಂದಿರುತ್ತದೆ, ಐಷಾರಾಮಿ ಕಾರು ಇನ್ನೂ ಬೇಗ ಇಳಿಯುವುದೇ ಹೆಚ್ಚು. ಹಾಗಾಗಿ ಪೂರ್ತಿ ಬೆಲೆಗೆ ಸಾಲ ಮಾಡಿದವರು ನಡುವೆ ಕಾರು ಮಾರಿದರೆ, ಬಂದ ದುಡ್ಡು ಸಾಲಕ್ಕೇ ಸಾಲದೆ ಹೋಗಬಹುದು.

ಯಾರೂ ನೋಡದ ಭಾಗ ಇನ್ನೊಂದಿದೆ. ಮನೆ ಸಾಲ ಕೊಡುವವರು ನಿಮ್ಮ ಸಂಬಳ ನೋಡಿ, ಅದರಲ್ಲಿ ಈಗಾಗಲೇ ಹೋಗುತ್ತಿರುವ ಕಂತನ್ನು ಕಳೆಯುತ್ತಾರೆ. ಮೇಲೆ ಹೇಳಿದ ಕಾರಿನ ಕಂತಿದೆಯಲ್ಲ, ಅದೇ ಕಂತನ್ನು 20 ವರ್ಷದ ಮನೆ ಸಾಲಕ್ಕೆ ಕಟ್ಟಿದರೆ, ಬಡ್ಡಿ ಅದೇ ಶೇ 9 ಇದ್ದರೂ, ಸುಮಾರು 179ರಷ್ಟು ಸಾಲ ಎತ್ತಬಹುದು. ಅಂದರೆ 100ರ ಕಾರು ಸಾಲ, ಅದು ತೀರುವ ತನಕ, 179ರ ಮನೆ ಸಾಲದ ಜಾಗದಲ್ಲಿ ಕೂತಿರುತ್ತದೆ.

ಇಷ್ಟು ಹೇಳಿ ಮನೆಯೇ ದೇವರು ಅಂದುಬಿಟ್ಟರೆ ಅದೂ ಸುಳ್ಳಾಗುತ್ತದೆ. ಬಾಡಿಗೆ ಅಂದರೆ ನೀರಿಗೆ ಹಾಕಿದ ದುಡ್ಡು ಅನ್ನುವ ಹಿರಿಯರ ಮಾತು ಕೇಳಿದರೆ ನನಗೆ ರೇಗುತ್ತದೆ. ಅದೇ ಬಡ್ಡಿಗೆ, 20 ವರ್ಷಕ್ಕೆ ಮನೆ ಸಾಲ ಮಾಡಿದರೆ ಮೊದಲ ತಿಂಗಳ ಕಂತಿನ ಪ್ರತಿ 90 ರೂಪಾಯಿಯಲ್ಲಿ 75 ಬಡ್ಡಿಗೇ ಹೋಗುತ್ತದೆ. ಅದು ಯಾವ ನೀರಿಗೆ ಹಾಕಿದ್ದು? ಮನೆ ಬೇಡ, ಬಾಡಿಗೆಯಲ್ಲೇ ಇರುತ್ತೇವೆ ಅಂದವರಿಗೆ ನಾನು ಯಾವತ್ತೂ ಬುದ್ಧಿ ಹೇಳಿಲ್ಲ.

ಮೂರನೇ ಭೇಟಿಗೆ ಆಕೆ ಒಬ್ಬರೇ ಬಂದರು.

ನಾನು ಒಂದು ಕಥೆ ಸಿದ್ಧ ಮಾಡಿಟ್ಟುಕೊಂಡಿದ್ದೆ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಇಬ್ಬರು ಸಂಶೋಧಕರು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದ್ದರು. ಗೆಲ್ಲದವರಿಗಿಂತ ಅವರು ಹೇಳಿಕೊಳ್ಳುವಷ್ಟು ಹೆಚ್ಚು ಖುಷಿಯಾಗಿರಲಿಲ್ಲ. ದಿನನಿತ್ಯದ ಸಣ್ಣ ಸಂತೋಷಗಳು ಅವರಿಗೆ ಇನ್ನೂ ಸಪ್ಪೆಯಾಗಿದ್ದವು. ಹೊಸ ಕಾರೂ ಹಾಗೇ ಹಳತಾಗುತ್ತೆ ನೋಡಿ ಅಂತ ಹೇಳಿ ಮುಗಿಸೋಣ ಅಂದುಕೊಂಡಿದ್ದೆ. ಆಕೆ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತ ರೀತಿ ನೋಡಿ ಯಾಕೋ ಸುಮ್ಮನಾದೆ. ಎದುರಿನವರು ಕಷ್ಟ ಹೇಳಿದ ಕೂಡಲೇ ಸರಿಮಾಡಿ ಕಳಿಸಿಬಿಡಬೇಕು ಅನ್ನುವ ಚಪಲ ನಮ್ಮ ಕೆಲಸದವರಿಗೆ ಅಂಟಿದ ರೋಗ. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಮೊದಲು ವಿವರಿಸಿದ ಮಾತುಕತೆಯ ಒಂದು ವಿಧಾನವಿದೆ. ಅದರಲ್ಲಿ ಈ ಚಪಲಕ್ಕೆ ಕಡಿವಾಣ ಹಾಕಲು ಒಂದು ಸರಳ ಪ್ರಶ್ನೆ ಬಳಸುತ್ತಾರೆ. ಅದನ್ನೇ ಕೇಳಿದೆ.

"ಕಾರು ನಿಮಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ."

"ಎಂಟು."

"ಐದು ಯಾಕಲ್ಲ?"

"ಹತ್ತು ಯಾಕಲ್ಲ" ಅಂತ ಕೇಳಬಾರದು. ಹಾಗೆ ಕೇಳಿದರೆ ಬೇಡದಿರುವ ಕಾರಣ ಹುಡುಕುತ್ತಾರೆ. ಐದು ಯಾಕಲ್ಲ ಅಂದರೆ ತಮಗೆ ನಿಜವಾಗಿ ಯಾಕೆ ಬೇಕು ಅನ್ನುವುದನ್ನು ಹುಡುಕಲೇಬೇಕಾಗುತ್ತದೆ. ಆಕೆ ಮೊದಲು ಶೋರೂಮಿನವರ ಹಾಗೆ ಹೇಳತೊಡಗಿದರು. ಸೇಫ್ಟಿ ಚೆನ್ನಾಗಿದೆ, ದೂರ ಹೋದರೆ ಬೆನ್ನು ನೋಯಲ್ಲ, ಆಫೀಸಿನಲ್ಲಿ ಎಲ್ಲರ ಹತ್ತಿರ ಇದೆ. ನಾನು ಬರೆದುಕೊಳ್ಳುತ್ತಾ ಹೋದೆ. ಆಮೇಲೆ ತಾವೇ ನಿಲ್ಲಿಸಿದರು.

"ಟೆಸ್ಟ್ ಡ್ರೈವ್‌ಗೆ ಹೋಗಿದ್ದೆ ಮೇಡಂ. ಒಳಗೆ ಕೂತು ಬಾಗಿಲು ಹಾಕಿದೆ. ಹಾಕಿದ ತಕ್ಷಣ ಹೊರಗಿನ ಸದ್ದೆಲ್ಲ ನಿಂತೋಯ್ತು."

"ಆಮೇಲೆ?"

"ಆಮೇಲೆ ಏನಿಲ್ಲ. ಸ್ವಲ್ಪ ಹೊತ್ತು ಗಾಡಿ ಸ್ಟಾರ್ಟೇ ಮಾಡಲಿಲ್ಲ. ಪಕ್ಕದಲ್ಲಿ ಆ ಹುಡುಗ ಸೀಟಿನ ಬಗ್ಗೆ ಏನೋ ಹೇಳ್ತಾ ಇದ್ದ. ನನಗೆ ಅದೂ ಕೇಳಿಸ್ಲಿಲ್ಲ."

ಅದು ಆಕೆಯ ಭ್ರಮೆಯೇನಲ್ಲ. ಅಂಥ ಅನೇಕ ಕಾರುಗಳಲ್ಲಿ ಕಿಟಕಿಗೆ ಎರಡು ಪದರ ಗಾಜು ಇಟ್ಟು, ನಡುವೆ ಸದ್ದು ಹೀರುವ ತೆಳು ಪ್ಲಾಸ್ಟಿಕ್ ಹಾಳೆ ಹಾಕಿರುತ್ತಾರೆ. ಬಾಗಿಲ ಸುತ್ತ ದಪ್ಪ ರಬ್ಬರ್. ಬಾಗಿಲು ಮುಚ್ಚುವಾಗ ಬರುವ ಆ ಗಟ್ಟಿ "ದಪ್" ಸದ್ದನ್ನು ಕೂಡ ಎಂಜಿನಿಯರುಗಳು ಕೂತು ಹದ ಮಾಡಿರುತ್ತಾರೆ. ಅಷ್ಟು ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಮೌನವೂ ಒಂದು ಪಾಲು.

"ಈಗ ಇರೋ ಕಾರಿನಲ್ಲಿ ಹೇಗೆ?" ಅಂದೆ. ಸುಮ್ನೆ ಕೇಳಿದ್ದು.

ಆಕೆ ಬ್ಯಾಗಿನ ಜಿಪ್ಪನ್ನು ಅರ್ಧ ಎಳೆದು, ಮತ್ತೆ ಹಾಕಿದರು. "ಸಂಜೆ ಬಂದು ಮನೆ ಕೆಳಗೆ ನಿಲ್ಲಿಸ್ತೀನಿ. ಎಂಜಿನ್ ಆಫ್ ಮಾಡ್ತೀನಿ. ಇಳಿಯಲ್ಲ."

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ. ಒಂದೊಂದ್ಸಲ ಅರ್ಧ ಗಂಟೆ."

"ಏನು ಮಾಡ್ತೀರಿ?"

"ಏನೂ ಇಲ್ಲ. ಹಾಡೂ ಹಾಕಲ್ಲ. ಸ್ಟೀರಿಂಗ್ ಹಿಡ್ಕೊಂಡು ಕೂತಿರ್ತೀನಿ. ಇವನು ಮೇಲಿಂದ ಫೋನ್ ಮಾಡ್ತಾನೆ, ಎಲ್ಲಿದ್ದೀಯ ಅಂತ. ಟ್ರಾಫಿಕ್ ಅಂತೀನಿ."

ಹೇಳಿ ನಕ್ಕರು. ನನಗೂ ನಗು ಬಂತು. ಆಮೇಲೆ ಫೋನ್ ತೆಗೆದು ಮನೆಯ ನಕ್ಷೆ ತೋರಿಸಿದರು. ಗಂಡ ಕೈಯಾರೆ ಬರೆದದ್ದು, ಆಸೆಯಿಂದ ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಮೂರು ಕೋಣೆ. ಒಂದರಲ್ಲಿ "ನಮ್ಮದು", ಒಂದರಲ್ಲಿ "ಮಗು", ಇನ್ನೊಂದರಲ್ಲಿ "ಬಂದವರಿಗೆ" ಅಂತ ಬರೆದಿತ್ತು. ಹಾಲಿನ ಕಿಟಕಿ ಹತ್ತಿರ ಅವರ ಕಂಪ್ಯೂಟರ್ ಮೇಜು. ಆಕೆ ಬೆರಳಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ, ಒಂದೊಂದೇ ಕೋಣೆ ದಾಟಿಸಿದರು.

"ಇದರಲ್ಲಿ ನಾನೆಲ್ಲಿ ಕೂತ್ಕೊಳ್ಳಲಿ ಮೇಡಂ?"

ಸಿಟ್ಟಿನಲ್ಲಿ ಕೇಳಿದ್ದಲ್ಲ. ಬಸ್ಸಿನಲ್ಲಿ ಸೀಟು ಎಲ್ಲಿದೆ ಅಂತ ಕೇಳುತ್ತಾರಲ್ಲ, ಹಾಗೆ. ಎರಡು ಭೇಟಿಯುದ್ದಕ್ಕೂ ನಾವು ಮೂವರು ತೂಗಿದ್ದು ಕಾರು ಮತ್ತು ಮನೆಯನ್ನು. ಆಕೆ ತೂಗುತ್ತಿದ್ದದ್ದು ಬಾಗಿಲು ಇರುವ ಒಂದು ಜಾಗವನ್ನು, ಬಾಗಿಲು ಇಲ್ಲದ ಒಂದು ಮನೆಯನ್ನು. ಎಕ್ಸೆಲ್ ಶೀಟಿನಲ್ಲಿ ಅದಕ್ಕೆ ಸಾಲು ಇರಲಿಲ್ಲ.

ಗಂಡನನ್ನು ಇಲ್ಲಿ ಕೆಟ್ಟವರನ್ನಾಗಿ ಮಾಡುವುದು ಸುಲಭ. ಅವರು ಕೆಟ್ಟವರಲ್ಲ. ಒಬ್ಬರೇ ಕೂರಲು ಜಾಗ ಬೇಕು ಅಂತ ಆಕೆ ಒಂದು ದಿನವೂ ಹೇಳಿರಲಿಲ್ಲ. ಆಕೆಗೇ ಅದು ಆವತ್ತು ತನಕ ಕಾರಿನ ಆಸೆಯ ರೂಪದಲ್ಲೇ ಗೊತ್ತಿದ್ದದ್ದು.

ನಾಲ್ಕನೇ ಭೇಟಿಗೆ ಇಬ್ಬರೂ ಬಂದರು. ಟ್ರಾಫಿಕ್ ವಿಷಯವನ್ನು ಆಕೆಯೇ ಹೇಳಿದರು. ಗಂಡ ತುಂಬಾ ಹೊತ್ತು ಮಾತಾಡಲಿಲ್ಲ. "ಮೂರು ವರ್ಷದಿಂದಾನಾ?" ಅಂದರು. "ಎರಡು" ಅಂದರು ಆಕೆ. "ನನ್ನಿಂದ ತಪ್ಪಿಸ್ಕೊಳ್ಳೋಕಾ?" "ಇರಬಹುದು, ಗೊತ್ತಿಲ್ಲ ಕಣೋ." ಈ ಉತ್ತರ ಕೇಳಿ ನನಗೆ ಸ್ವಲ್ಪ ಭಯವಾಯಿತು. ಆದರೆ ಅವರು ಎದ್ದುಹೋಗಲಿಲ್ಲ.

ಆವತ್ತು ನಾನು ಕೊಟ್ಟ ಸಲಹೆ ಹೀಗಿತ್ತು. ಆರು ತಿಂಗಳು ಕಾರು ಬೇಡ, ಆದರೆ ಕಂತು ಕಟ್ಟಿ. ಕಾರು ಕೊಂಡಿದ್ದರೆ ತಿಂಗಳಿಗೆ ಎಷ್ಟು ಹೋಗುತ್ತಿತ್ತೋ ಅಷ್ಟನ್ನೂ ಬೇರೆ ಖಾತೆಗೆ ಹಾಕಿ. ಬರೀ ಸಾಲದ ಕಂತಲ್ಲ, ಇನ್ಶೂರೆನ್ಸ್, ಸರ್ವೀಸು, ಜಾಸ್ತಿ ಖರ್ಚಾಗುವ ಪೆಟ್ರೋಲು, ಟೈರಿಗೆ ಎತ್ತಿಡಬೇಕಾದ ದುಡ್ಡು, ಎಲ್ಲ ಸೇರಿಸಿ. ಆರು ತಿಂಗಳು ಅದು ನೋಯದಿದ್ದರೆ ಮತ್ತೆ ಮಾತಾಡೋಣ, ನೋಯುತ್ತಿದ್ದರೆ ಅದು ನಿಮಗೇ ಗೊತ್ತಾಗುತ್ತದೆ. ಯಾವ ದಾರಿ ಹಿಡಿದರೂ ದುಡ್ಡು ನಿಮ್ಮ ಖಾತೆಯಲ್ಲೇ ಇರುತ್ತದೆ. ಆಮೇಲೆ ನಕ್ಷೆಯನ್ನು ಇಬ್ಬರೂ ಕೂತು ಮತ್ತೆ ಬರೆಯಿರಿ ಅಂದೆ. ಮನೆ ಎರಡು ವರ್ಷ ತಡವಾಗಲಿ, ಚಿಕ್ಕದಾಗಲಿ, ಆಗದೆಯೂ ಹೋಗಲಿ, ಆದರೆ ಈಗಿನ ಬಾಡಿಗೆ ಮನೆಯಲ್ಲೇ ಆಕೆಗೆ ದಿನಕ್ಕೆ ಅರ್ಧ ಗಂಟೆ, ಒಂದು ಬಾಗಿಲು.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಲ್ಲ ಅಂತ ಗಂಡ ಕೇಳಿದರು. ಅವರಿಂದ ಆ ಮಾತು ಬಂದದ್ದೇ ದೊಡ್ಡದು. ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ಮುಳ್ಳಿದೆ. ನಾಲ್ಕು ವರ್ಷಕ್ಕೆ ಕಾರಿನ ಬೆಲೆ ಇಳಿದಿರುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ವಾರಂಟಿ ಮುಗಿದ ದೊಡ್ಡ ಕಾರಿಗೆ ಅರ್ಧ ಬೆಲೆ ಕೊಟ್ಟವರೂ ರಿಪೇರಿಗೆ ಪೂರ್ತಿ ಬೆಲೆ ಕೊಟ್ಟವರಷ್ಟೇ ದುಡ್ಡು ಕೊಡಬೇಕು.

ನನ್ನ ಜೊತೆ ಕೆಲಸ ಮಾಡುವ ಗೆಳತಿಗೆ ಈ ಪ್ರಕರಣ ಹೇಳಿದಾಗ ಆಕೆ ಮುಖ ಗಂಟು ಹಾಕಿದಳು. "ಸಲಹೆ ಕೊಟ್ಟೇಬಿಟ್ಟೆಯಲ್ಲ. ನಾವು ದಾರಿ ತೋರಿಸಬೇಕು, ಹೀಗೆ ಮಾಡಿ ಅನ್ನಬಾರದು." ಈ ಮಾತು ನನಗೆ ಹೊಸದಲ್ಲ. ನಮ್ಮ ಕೆಲಸದ ಹೆಸರಲ್ಲೇ ಸಲಹೆ ಇದೆ, ಅದರ ಮುಂದೆ ಆಪ್ತ ಅಂತಲೂ ಇದೆ. ಏಳು ವರ್ಷದ ಸಾಲಪತ್ರಕ್ಕೆ ಸಹಿ ಹಾಕಲು ಪೆನ್ನು ಹಿಡಿದವರ ಎದುರು ಕೂತು "ನಿಮಗೆ ಏನನ್ನಿಸುತ್ತೆ" ಅಂತಷ್ಟೇ ಕೇಳುತ್ತಾ ಇರುವುದು ನನ್ನಿಂದ ಆಗುವುದಿಲ್ಲ. ಮದುವೆ ಮುರಿಯಬೇಕೋ ಬೇಡವೋ ಅಂತ ಕೇಳಿದರೆ ನಾನು ಬಾಯಿ ಬಿಡುವುದಿಲ್ಲ. ಬಡ್ಡಿಯ ಲೆಕ್ಕಕ್ಕೆ ಎರಡು ಉತ್ತರವಿಲ್ಲ, ಅಲ್ಲಿ ಬಾಯಿ ಬಿಡುತ್ತೇನೆ.

ಅವಳ ಎರಡನೇ ಮಾತು ಮಾತ್ರ ಚುಚ್ಚಿತು. "ಕಾರು ಬೇಕೆಂದವನು ಗಂಡನಾಗಿದ್ದರೆ, ಆರು ತಿಂಗಳು ತಡೆಯಪ್ಪ ಅಂತಿದ್ದೆಯಾ?" ಅಂತಿದ್ದೆ, ಎಷ್ಟೋ ಗಂಡಸರಿಗೆ ಅಂದಿದ್ದೇನೆ. ಆದರೆ ಐದು ಯಾಕಲ್ಲ ಅಂತ ಅವರಲ್ಲಿ ಎಷ್ಟು ಜನರನ್ನು ಕೇಳಿದ್ದೇನೆ? ಒಣಜಂಬ, ನಾಲ್ಕು ಜನ ನೋಡಲಿ ಅನ್ನುವ ಹುಚ್ಚು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿ ಲೆಕ್ಕ ಹೇಳಿ ಕಳಿಸಿದ್ದೇನೆ. ಅವರಲ್ಲೂ ಯಾರು ಯಾರು ಮನೆ ಕೆಳಗೆ ಎಂಜಿನ್ ಆಫ್ ಮಾಡಿ ಕೂರುತ್ತಿದ್ದರೋ. ಈಗ ಯಾರು ಬಂದರೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಆ ಕಾರಿನಲ್ಲಿ ನೀವು ಕೂತ ಮೊದಲ ಒಂದು ನಿಮಿಷ ಹೇಗಿತ್ತು, ಹೇಳಿ. ಲೆಕ್ಕ ಆಮೇಲೆ.

ಐದನೇ ತಿಂಗಳಲ್ಲಿ ಆಕೆ ಫೋನ್ ಮಾಡಿದರು. ಬೇರೆ ಖಾತೆಗೆ ನಾಲ್ಕು ತಿಂಗಳು ದುಡ್ಡು ಹೋಗಿದೆ, ಒಂದು ತಿಂಗಳು ಹೋಗಿಲ್ಲ. ಮನೆ ಇನ್ನೂ ನೋಡುತ್ತಿದ್ದಾರೆ. ನಕ್ಷೆಯಲ್ಲಿ "ಬಂದವರಿಗೆ" ಅನ್ನುವುದನ್ನು ಗಂಡ ಅಳಿಸಿದ್ದಾರೆ, ಬೇರೆ ಏನೂ ಬರೆದಿಲ್ಲ. ಬಾಡಿಗೆ ಮನೆಯಲ್ಲಿ ಬಾಗಿಲಿನ ವ್ಯವಸ್ಥೆ ಒಂದು ವಾರ ನಡೆದು ನಿಂತಿದೆ. ಹಾಗಾಗಿ ಸಂಜೆ ಈಗಲೂ ಹಳೇ ಕಾರಿನಲ್ಲೇ ಕೂರುವುದು.

"ಫೋನ್ ಬರುತ್ತಾ?" ಅಂದೆ.

"ಇಲ್ಲ ಮೇಡಂ. ಮೇಲಿಂದ ಒಂದ್ಸಲ ಬಗ್ಗಿ ನೋಡ್ತಾನೆ, ಒಳಗೆ ಹೋಗ್ತಾನೆ." ಸ್ವಲ್ಪ ತಡೆದು ಹೇಳಿದರು, "ಕಾರು ಮಾತ್ರ ಇನ್ನೂ ಬೇಕು. ಎಂಟಿಲ್ಲ, ಆರು."