ಇಂಗ್ಲೆಂಡಿನಲ್ಲಿ ಮರ ತಪಾಸಣೆಗೆ ಇಳಿಯುವ ಮುನ್ನ

ಚೈನ್‌ಸಾ ಮತ್ತು ಮರ ಹತ್ತುವ ಸರ್ಟಿಫಿಕೇಟ್ ಇಟ್ಟುಕೊಂಡು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದೀರಿ. ಇನ್ನು ಮುಂದೆ ಮರ ಪರೀಕ್ಷಿಸಿ ರಿಪೋರ್ಟ್ ಬರೆದುಕೊಡುವ ಕೆಲಸವನ್ನೂ ಮಾಡಬಹುದೇ, ಅದಕ್ಕೆ ಯಾವ ಕೋರ್ಸ್ ಬೇಕು ಎಂದು ಕೇಳಿದ್ದೀರಿ. ಮಾಡಬಹುದು. ಇದಕ್ಕೆ ಸರ್ಕಾರದ ಲೈಸೆನ್ಸ್ ಅಂತ ಏನೂ ಇಲ್ಲ. ಹಾಗಾಗಿ ನಿಮ್ಮ ಅರ್ಹತೆಯನ್ನು ಮೊದಲೇ ಯಾರೂ ಪರೀಕ್ಷಿಸುವುದಿಲ್ಲ. ಮರ ಬಿದ್ದು ಯಾರಿಗಾದರೂ ಪೆಟ್ಟಾದಾಗ, ಆ ಕೆಲಸ ಒಪ್ಪಿಕೊಳ್ಳುವಷ್ಟು ತಿಳಿವಳಿಕೆ ನಿಮಗಿತ್ತೇ ಎಂದು ವಕೀಲರು ಕೇಳುತ್ತಾರೆ. ಕೋರ್ಸ್ ಆರಿಸುವಾಗ ಈ ಪ್ರಶ್ನೆ ತಲೆಯಲ್ಲಿರಲಿ.

ಲ್ಯಾಂಟ್ರಾ ಎಂಬ ತರಬೇತಿ ಸಂಸ್ಥೆಯ ಎರಡು ಕೋರ್ಸ್‌ಗಳ ಹೆಸರು ಪದೇ ಪದೇ ಕೇಳುತ್ತೀರಿ. 'ಬೇಸಿಕ್ ಟ್ರೀ ಸರ್ವೆ ಅಂಡ್ ಇನ್‌ಸ್ಪೆಕ್ಷನ್' ಒಂದು ದಿನದ್ದು. ಎದ್ದು ಕಾಣುವ ದೋಷ ಗುರುತಿಸಿ ಮೇಲಿನವರಿಗೆ ತಿಳಿಸಬೇಕಾದ ಶಾಲೆ, ಪಾರ್ಕ್, ರಸ್ತೆ ಸಿಬ್ಬಂದಿಗೆ ಅದು ಸಾಕು. ಹಣ ತೆಗೆದುಕೊಂಡು ನಿಮ್ಮ ಹೆಸರಲ್ಲಿ ರಿಪೋರ್ಟ್ ಕೊಡಲು ಸಾಲದು. ಅದಕ್ಕೆ ಬೇಕಾದದ್ದು 'ಪ್ರೊಫೆಷನಲ್ ಟ್ರೀ ಇನ್‌ಸ್ಪೆಕ್ಷನ್', ಅಂದರೆ ಪಿಟಿಐ: ಮೂರು ದಿನದ ಕೋರ್ಸ್, ಜೊತೆಗೆ ಪರೀಕ್ಷೆ. ಮರದ ಅಂಗರಚನೆ, ಕೊಳೆತ, ಅಣಬೆಗಳ ಪರಿಚಯ ಇವೆಲ್ಲ ಮೊದಲೇ ಗೊತ್ತಿದೆ ಎಂದುಕೊಂಡೇ ಅಲ್ಲಿ ಪಾಠ ಶುರುವಾಗುತ್ತದೆ. ಕೈಕೆಲಸದ ಅನುಭವವೊಂದನ್ನೇ ನಂಬಿ ಹೋದವರು ಮುಗ್ಗರಿಸುವುದು ಇಲ್ಲಿಯೇ. ಇಲ್ಲಿನ ಅರ್ಹತಾ ಶ್ರೇಣಿಯ ಲೆವೆಲ್ 3 (ಹೆಚ್ಚುಕಡಿಮೆ ಪಿಯುಸಿ ಮಟ್ಟ) ಓದು ಮುಗಿಸಿ ಹೋಗುವುದು ಒಳ್ಳೆಯದು. ಊರಿನ ಫಾರೆಸ್ಟ್ರಿ ಡಿಗ್ರಿ ಇದ್ದರೆ ಅದು ಇಲ್ಲಿನ ಯಾವ ಲೆವೆಲ್‌ಗೆ ಸಮ ಎಂಬ ಪತ್ರವನ್ನು ಯುಕೆ ಎನಿಕ್ ಎಂಬ ಸಂಸ್ಥೆಯಿಂದ ಪಡೆಯಿರಿ. ಕನ್ಸಲ್ಟೆಂಟ್ ಆಗಬೇಕೆಂದರೆ ಲೆವೆಲ್ 4, ಆಮೇಲೆ ಲೆವೆಲ್ 6. ಅದು ಕೆಲವು ವರ್ಷಗಳ ದಾರಿ.

ಕೋರ್ಸ್‌ಗೆ ಮುಂಚೆ ಒಂದು ಚಳಿಗಾಲವನ್ನು ಮರ ಗುರುತಿಸುವುದಕ್ಕೇ ಮೀಸಲಿಡಿ. ಎಲೆಯಿಲ್ಲದ ತಿಂಗಳುಗಳಲ್ಲೂ ಸರ್ವೆ ನಡೆಯುತ್ತದೆ: ಆ್ಯಶ್‌ಗೆ ಕಪ್ಪು ಮೊಗ್ಗು, ಬೀಚ್‌ಗೆ ಉದ್ದನೆಯ ಚೂಪು ಮೊಗ್ಗು, ಹಾರ್ಸ್ ಚೆಸ್ಟ್‌ನಟ್‌ಗೆ ದಪ್ಪ ಅಂಟು ಮೊಗ್ಗು. ಮರ ಯಾವುದೆಂದು ತಿಳಿಯದೆ ಅದರ ಬುಡದ ಅಣಬೆ ಎಷ್ಟು ಅಪಾಯದ್ದೆಂದು ಹೇಳಲಾಗದು. ಬೀಚ್ ಬುಡದಲ್ಲಿ ಮೆರಿಪಿಲಸ್ ಎಂಬ ಅಣಬೆ ಕಂಡರೆ ಗಾಬರಿಯಾಗಬೇಕು, ಏಕೆಂದರೆ ಅದು ಬೇರುಗಳನ್ನು ಅಡಿಭಾಗದಿಂದ ಕೊಳೆಸುತ್ತದೆ. ಮೇಲಿನಿಂದ ನೋಡಿದರೆ ಬೇರು ಗಟ್ಟಿಯಾಗಿಯೇ ಕಾಣುತ್ತದೆ. ಅದರ ಅಣಬೆ ಬೇಸಿಗೆಯ ಕೊನೆ ಮತ್ತು ಶರತ್ಕಾಲದಲ್ಲಷ್ಟೇ ಚೆನ್ನಾಗಿ ಕಾಣುವುದರಿಂದ, ಬೀಚ್ ಹೆಚ್ಚಿರುವ ಜಾಗವನ್ನು ವಸಂತದಲ್ಲಿ ಮಾತ್ರ ನೋಡಿ ಬಂದರೆ ಅರ್ಧ ಕೆಲಸವಷ್ಟೇ ಆದಂತೆ.

ಇದಕ್ಕಿಂತ ಮೋಸದ್ದು ಕ್ರೆಟ್ಸ್‌ಮೇರಿಯಾ ಎಂಬ ಇನ್ನೊಂದು ಅಣಬೆ. ವಸಂತದಲ್ಲಿ ಬೂದು ಬಿಳಿ, ಆಮೇಲೆ ಸುಟ್ಟ ಇದ್ದಿಲಿನಂಥ ಕಪ್ಪು ಹೊಪ್ಪಳೆಯಾಗಿ ಬೀಚ್, ಲೈಮ್ ಬುಡದ ಸಂದುಗಳಲ್ಲಿ ಅಡಗಿರುತ್ತದೆ. ಸುತ್ತಿಗೆಯಿಂದ ಬಡಿದರೆ ಟೊಳ್ಳು ಸದ್ದು ಬರದೇ ಇರಬಹುದು, ಏಕೆಂದರೆ ಮರದ ಗಡಸುತನ ಉಳಿಯುತ್ತದೆ, ಬಾಗುವ ಗುಣ ಹೋಗುತ್ತದೆ. ಮೇಲೆ ಎಲೆ ಸೊಂಪಾಗಿರುವಾಗಲೇ ಬುಡ ಪಟ್ಟನೆ ಮುರಿಯುತ್ತದೆ. ಆದ್ದರಿಂದ ಐವಿ ಬಳ್ಳಿ, ಗಿಡಗಂಟಿ ಬುಡ ಮುಚ್ಚಿದ್ದರೆ "ಬುಡ ನೋಡಲಾಗಲಿಲ್ಲ, ತೆಗೆಸಿ ಮತ್ತೆ ತೋರಿಸಿ" ಎಂದು ರಿಪೋರ್ಟಿನಲ್ಲಿ ಬರೆಯಲೇಬೇಕು. ಬರೆಯದಿದ್ದರೆ ನೀವು ನೋಡಿ ಒಪ್ಪಿದಂತೆ ಆಗುತ್ತದೆ.

ನೈಲಾನ್ ಸುತ್ತಿಗೆ, ಲೋಹದ ಕಡ್ಡಿ, ಸುತ್ತಳತೆ ಟೇಪ್, ಬೈನಾಕ್ಯುಲರ್, ಎತ್ತರ ಅಳೆಯುವ ಕ್ಲೈನೋಮೀಟರ್ ಶುರುವಿಗೆ ಸಾಕು. ಮರದೊಳಗಿನ ಕೊಳೆತ ಪತ್ತೆ ಹಚ್ಚುವ ರೆಸಿಸ್ಟೋಗ್ರಾಫ್, ಟೊಮೋಗ್ರಾಫ್ ಯಂತ್ರಗಳ ಮೇಲೆ ಈಗಲೇ ಹಣ ಸುರಿಯಬೇಡಿ.

ದೋಷ ಕಂಡ ಮಾತ್ರಕ್ಕೆ ಅಪಾಯ ಎಂದಲ್ಲ. ಕೆಳಗೆ ಯಾರು, ಎಷ್ಟು ಹೊತ್ತು ಇರುತ್ತಾರೆ ಎಂಬುದು ಅಷ್ಟೇ ಮುಖ್ಯ. ಇದನ್ನು ಕ್ರಮವಾಗಿ ಲೆಕ್ಕ ಹಾಕಲು ಕ್ಯೂಟಿಆರ್‌ಎ, ವ್ಯಾಲಿಡ್, ಐಎಸ್‌ಎ ಎಂಬ ಅಂತರರಾಷ್ಟ್ರೀಯ ಮರತಜ್ಞರ ಸಂಘದ ಟ್ರ್ಯಾಕ್ ಎಂಬ ಪದ್ಧತಿಗಳಿವೆ. ಟ್ರ್ಯಾಕ್ ಅರ್ಹತೆಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಒಂದನ್ನು ಆರಿಸಿ ಆಳವಾಗಿ ಕಲಿಯಿರಿ. ಆದರೆ ಪಿಟಿಐ ನಂತರ ಕಲಿಯಿರಿ. ದೋಷವೇ ಕಣ್ಣಿಗೆ ಬೀಳದಿದ್ದರೆ ಲೆಕ್ಕಾಚಾರದಿಂದ ಪ್ರಯೋಜನವಿಲ್ಲ.

ಮುಂದಿನ ತಪಾಸಣೆ ಯಾವಾಗ ಎಂದು ಬರೆಯುವಾಗ ಎಲ್ಲ ಮರಕ್ಕೂ ಒಂದೇ ಅವಧಿ ಹಾಕುವ ಅಭ್ಯಾಸ ಬೇಡ. ಸರೆ ಕೌಂಟಿಯ ವಿಟ್ಲಿಯಲ್ಲಿ 2012ರಲ್ಲಿ ರಸ್ತೆ ಬದಿಯ ದೊಡ್ಡ ಲೈಮ್ ಮರ ಬಸ್ಸಿನ ಮೇಲೆ ಬಿದ್ದು ಚಾಲಕನಿಗೆ ತೀವ್ರ ಗಾಯವಾಯಿತು. ಮೂರು ವರ್ಷಕ್ಕೊಮ್ಮೆ ನೋಡುವ, ಅಲ್ಲಿನ ಪ್ಯಾರಿಷ್ ಕೌನ್ಸಿಲ್‌ನ (ಗ್ರಾಮ ಪಂಚಾಯಿತಿಯಂಥದ್ದು) ಪದ್ಧತಿ ಅಂಥ ಜಾಗದ ಮರಕ್ಕೆ ಸಾಲದು ಎಂಬ ತೀರ್ಪನ್ನು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ನೀವು ಸೂಚಿಸುವ ಪ್ರತಿ ಕೆಲಸಕ್ಕೂ ಕಾರಣ ಮತ್ತು ಗಡುವು ಬರೆಯಿರಿ. "ಗಮನವಿಡಿ" ಎಂದಷ್ಟೇ ಬರೆದರೆ ಮಾಲೀಕರಿಗೆ ಏನೂ ತಿಳಿಯದು.

ಕಡಿಯಲು ಹೇಳುವ ಮುಂಚೆ ಕೌನ್ಸಿಲ್‌ನ ಪ್ಲಾನಿಂಗ್ ವಿಭಾಗದಲ್ಲಿ ವಿಚಾರಿಸಿ. ಟಿಪಿಒ (ಮರ ರಕ್ಷಣಾ ಆದೇಶ) ಇರುವ ಮರಕ್ಕೆ ಅನುಮತಿ ಬೇಕು, ತೀರ್ಮಾನಕ್ಕೆ 8 ವಾರ ಹಿಡಿಯಬಹುದು. ಕನ್ಸರ್ವೇಶನ್ ಏರಿಯಾದಲ್ಲಿ (ಸಂರಕ್ಷಿತ ಪ್ರದೇಶದಲ್ಲಿ), ನೆಲದಿಂದ 1.5 ಮೀಟರ್ ಎತ್ತರದಲ್ಲಿ 75 ಮಿಲಿಮೀಟರ್‌ಗಿಂತ ಹೆಚ್ಚು ವ್ಯಾಸವಿದ್ದರೆ 6 ವಾರದ ನೋಟಿಸ್ ಕೊಡಬೇಕು. ಪೊಟರೆ ಕಂಡರೆ ಬಾವಲಿಗಳಿರಬಹುದೆಂದು ನಮೂದಿಸಿ. ಅವುಗಳ ನೆಲೆ ಕೆಡಿಸುವುದು ಅಪರಾಧ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೊಸಬರು ಹೆಚ್ಚು ಎಡವುವುದು ಇದರಲ್ಲೇ. ಕಡಿಯುವ ಕೆಲಸಕ್ಕೆ ಈಗಿರುವ ಪಬ್ಲಿಕ್ ಲಯಬಿಲಿಟಿ ಪಾಲಿಸಿ ನೀವು ಕೊಟ್ಟ ಸಲಹೆಯ ತಪ್ಪಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಪ್ರೊಫೆಷನಲ್ ಇಂಡೆಮ್ನಿಟಿ ಬೇರೆಯೇ ಬೇಕು. ಅದು ಸಾಮಾನ್ಯವಾಗಿ ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ಹಣ ಕೊಡುತ್ತದೆ, ರಿಪೋರ್ಟ್ ಬರೆದ ದಿನ ಇದ್ದರೆ ಸಾಲದು. ತಪಾಸಣೆ ನಿಲ್ಲಿಸಿದ ಮೇಲೂ ಕೆಲ ವರ್ಷ ರನ್-ಆಫ್ ಕವರ್, ಅಂದರೆ ಹಳೆಯ ರಿಪೋರ್ಟುಗಳ ಮೇಲೆ ಆಮೇಲೆ ಬರುವ ಕ್ಲೇಮ್‌ಗಳ ವಿಮೆ, ಕಟ್ಟುತ್ತಿರಿ.

ಕೊನೆಗೆ ವೀಸಾ. ಸ್ಟೂಡೆಂಟ್ ವೀಸಾದಲ್ಲಿದ್ದರೆ ಸ್ವಂತ ವ್ಯವಹಾರ ಮಾಡುವಂತಿಲ್ಲ, ನಿಮ್ಮ ಹೆಸರಲ್ಲಿ ಒಂದು ರಿಪೋರ್ಟಿಗೆ ಬಿಲ್ ಮಾಡಿದರೂ ಅದು ಉಲ್ಲಂಘನೆ. ಬೇರೆ ವೀಸಾ ಆದರೂ ಷರತ್ತು ಓದಿ. ಸ್ವಂತವಾಗಿ ಶುರು ಮಾಡುವವರೆಗೆ ಈಗಿನ ಕಂಪನಿಯಲ್ಲೇ ಅನುಭವಿ ಸರ್ವೇಯರ್ ಜೊತೆ ಹೋಗಲು ಕೇಳಿಕೊಳ್ಳಿ. ಒಂದೇ ಮರಕ್ಕೆ ಇಬ್ಬರೂ ಬೇರೆ ಬೇರೆ ಷರಾ ಬರೆದು, ಆಮೇಲೆ ಹೋಲಿಸಿ ನೋಡಿ.